ಉಳಿ (ಮರಗೆಲಸ)

ಉಳಿಯು ಮರವನ್ನು ಕೆತ್ತಲು, ಸವರಲು ಹಾಗೂ ಜೋಡಣೆಯ ತೂತುಗಳನ್ನು ಕೊರೆಯಲು ಬಡಗಿಗಳು ಬಳಸುವ ಕೈ ಉಪಕರಣ. ಅಲಗು ಮತ್ತು ಹಿಡಿ ಇದರ ಮುಖ್ಯ ಭಾಗಗಳು.

ಆಯ್ಕೆ

ಅಲಗು ಹೆಚ್ಚು ಇಂಗಾಲವುಳ್ಳ, ಹದಗೊಳಿಸಿದ ಉಕ್ಕಿನದಾಗಿರಬೇಕು. ಉಕ್ಕು ಮೃದುವಾದರೆ ಅಂಚು ಮಡಿಯುತ್ತದೆ. ಅತಿ ಗಡುಸಾದರೆ ಉದುರುತ್ತದೆ. ಒಳ್ಳೆಯ ಉಳಿಗಳ ಗಡಸುತನ ಸಾಮಾನ್ಯವಾಗಿ ರಾಕ್‌ವೆಲ್ ಸಿ ಮಾಪಕದಲ್ಲಿ 58ರಿಂದ 62ರಷ್ಟಿರುತ್ತದೆ. ಅಲಗಿನ ಹಿಂಬದಿ ಸಮತಟ್ಟಾಗಿದೆಯೇ ಎಂಬುದನ್ನು ಉಕ್ಕಿನ ಅಳತೆಪಟ್ಟಿಯನ್ನಿಟ್ಟು, ಬೆಳಕಿಗೆ ಹಿಡಿದು ಪರೀಕ್ಷಿಸಬಹುದು. ಕೊಡತಿಯ ಪೆಟ್ಟು ತಾಳಬೇಕಾದ ಮರದ ಹಿಡಿಗೆ ಲೋಹದ ಬಳೆಯಿದ್ದರೆ ಅದು ಸೀಳುವ ಸಂಭವ ಕಡಿಮೆ.

ನಿರ್ವಹಣೆ

ಸಾಮಾನ್ಯ ಕೆಲಸದ ಉಳಿಯನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಸಾಣೆ ಹಿಡಿಯಲಾಗುತ್ತದೆ. ಯಂತ್ರದ ಸಾಣೆಚಕ್ರದಲ್ಲಿ ಅಂಚು ಕಾದು ನೀಲಿಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಡುತ್ತದೆ; ಆದ್ದರಿಂದ ಆಗಾಗ ನೀರಿನಲ್ಲಿ ಅದ್ದಬೇಕು. ಮೊಂಡಾದ ಉಳಿಗೆ ಹೆಚ್ಚು ಬಲ ಬೇಕಾಗುವುದರಿಂದ, ಅದು ಜಾರಿ ಕೈಗೆ ಗಾಯ ಮಾಡುವ ಅಪಾಯವೂ ಹೆಚ್ಚು.