ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಬ್ಬ ಸತ್ಯಾಗ್ರಹಿ

ಇಂಜಿನಿಯರಿಂಗ್ ಓದುವಾಗ ನಮಗೆಲ್ಲ 'ಮೋಟಿವೇಶನ್' ಅಂದರೆ ಒಂದೇ... ಏಳನೇ ಸೆಮಿಸ್ಟರಿನ ಕ್ಯಾಂಪಸ್ ಇಂಟರ್‌ವ್ಯೂ! ಅದರಾಚೆಗೆ ಯಾಕೆ ಓದ್ತಿದೀವಿ ಅಂತ ಯಾರೂ ಕೇಳುತ್ತಿರಲಿಲ್ಲ, ಬಿಡಿ. ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು 1933ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಘಟನೆ.

ಕಮಲಾ ಭಾಗವತ್ (ಮದುವೆಯ ನಂತರ ಕಮಲಾ ಸೊಹೊನಿ) ಆ ವರ್ಷ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ಪಾಸಾದರು. ಅಪ್ಪ ನಾರಾಯಣರಾವ್, ಅವರ ಸೋದರ ಮಾಧವರಾವ್ ಇಬ್ಬರೂ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. (ಬಸ್ ಕಂಡಕ್ಟರುಗಳ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ.) ಮಗಳೂ ಅಲ್ಲಿಗೇ ಅರ್ಜಿ ಹಾಕಿದಳು. ಆಗಷ್ಟೇ ನಿರ್ದೇಶಕರಾಗಿದ್ದ ಸಿ.ವಿ.ರಾಮನ್ ತಿರಸ್ಕರಿಸಿದರು. ಕಾರಣ, ಹೆಣ್ಣು.

ಮಾರ್ಕ್ಸು ಕೆಲಸಕ್ಕೆ ಬರಲಿಲ್ಲ ನೋಡಿ. ಕೆಲಸಕ್ಕೆ ಬಂದದ್ದು ಆ ಕಾಲದ ಗಾಳಿಯಲ್ಲೇ ಇದ್ದ ಒಂದು ಮೌಲ್ಯ. ಕಮಲಾ ಗಾಂಧೀಜಿಯ ಅನುಯಾಯಿ. ಸೇರಿಸಿಕೊಳ್ಳುವವರೆಗೂ ಸತ್ಯಾಗ್ರಹ ಅಂದರು. ರಾಮನ್ ಕೊನೆಗೆ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಒಂದು ವರ್ಷ ಪ್ರೊಬೇಶನ್, ಗೈಡ್ ಹೇಳಿದರೆ ರಾತ್ರಿ ಎಷ್ಟೊತ್ತಾದರೂ ಕೆಲಸ, ಮತ್ತೆ... ಗಂಡಸರ ಗಮನ ಕೆಡಿಸಬಾರದು!

ಇಂಥ ಷರತ್ತಿಗೆ ಅವರು ಒಪ್ಪಿದ್ದೇಕೆ? ನನಗೆ ಅನ್ನಿಸುವುದು, ಸತ್ಯಾಗ್ರಹದಲ್ಲಿ ಕಷ್ಟವನ್ನು ತಾನೇ ಹೊರುವುದೂ ಸೇರಿದೆ. ಅವಮಾನ ನುಂಗಿ ಲ್ಯಾಬ್ ಸೇರಿದರು. ಗೈಡ್ ಎಂ.ಶ್ರೀನಿವಾಸಯ್ಯ ಮಹಾ ಶಿಸ್ತಿನವರು, ಆದರೆ ಮನಸ್ಸಿಟ್ಟು ಕಲಿಸಿದರು. (ಒಳ್ಳೆಯ ಮೇಷ್ಟ್ರು ಸಿಗದಿದ್ದರೆ ಎಂಥ ಮೋಟಿವೇಶನ್ನೂ ಎಷ್ಟು ದಿನ ಬಾಳೀತು?) ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಅಷ್ಟರಲ್ಲಿ ಅವರ ಕೆಲಸ ನೋಡಿದ್ದ ರಾಮನ್, ಬೇರೆ ಹುಡುಗಿಯರಿಗೂ ಬಾಗಿಲು ತೆರೆದಿದ್ದರು.

ಮುಂದೆ ಕೇಂಬ್ರಿಡ್ಜ್. ಸಸ್ಯಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿ, ಹದಿನಾಲ್ಕೇ ತಿಂಗಳಲ್ಲಿ ಪಿಎಚ್.ಡಿ. ಪ್ರಬಂಧ ಬರೀ ನಲವತ್ತು ಪುಟ! ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಜಾನಕಿ ಅಮ್ಮಾಳ್ 1931ರಲ್ಲೇ ಮಿಷಿಗನ್ನಿನಿಂದ ಡಿ.ಎಸ್ಸಿ. ಪಡೆದಿದ್ದರು. ಆ ಲೆಕ್ಕ ಹಾಗಿರಲಿ. 1939ರಲ್ಲಿ ದೇಶಕ್ಕೆ ಮರಳಿದ ಕಮಲಾ, ಬಡವರ ಊಟದ ಪೌಷ್ಟಿಕತೆಯ ಮೇಲೆಯೇ ಕೆಲಸ ಮಾಡಿದರು. ಬೇಳೆಕಾಳು, ನೀರಾ ಇಂಥವು.

ನನಗೆ ಇರಿಸುಮುರಿಸಾಗುವುದು ಒಂದೇ ವಿಷಯಕ್ಕೆ. ಇಂಥ ಕಥೆ ಹೇಳಿ "ನೋಡ್ರಪ್ಪ, ಛಲ ಇದ್ರೆ ಸಾಕು" ಅನ್ನುವವರು ಆ ಸಂಸ್ಥೆಯ ತಪ್ಪನ್ನು ಸಲೀಸಾಗಿ ಮರೆಸಿಬಿಡುತ್ತಾರೆ. ಕಮಲಾರ ಬೆನ್ನಿಗೆ ಓದಿದ ಮನೆಯಿತ್ತು, ವಿಜ್ಞಾನ ಗೊತ್ತಿದ್ದ ಅಪ್ಪನಿದ್ದರು. ಅದಿಲ್ಲದ ಹುಡುಗಿ ತಿರಸ್ಕಾರದ ಕಾಗದ ಮಡಚಿಟ್ಟು ಸುಮ್ಮನಾಗಿರುತ್ತಿದ್ದಳು, ಅಲ್ವಾ?

ಕಮಲಾ ಅಂತೂ ಮರೆಯಲಿಲ್ಲ. ಎಷ್ಟೋ ವರ್ಷಗಳ ನಂತರ ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ, ರಾಮನ್ ದೊಡ್ಡ ವಿಜ್ಞಾನಿ ಅಂತ ಒಪ್ಪಿಕೊಂಡೇ, ಅಂದು ಅವರು ನಡೆಸಿಕೊಂಡ ರೀತಿಯನ್ನು ಎಲ್ಲರೆದುರು ಹೇಳಿದರು.