ಸಿಲಿಂಡರ್ ಒಳಗಿನ ವಿದ್ಯೆ: ಕೊಯಮತ್ತೂರು ಕಲಿಸುವ ಪಾಠ

ಗ್ಯಾರೇಜಿನಲ್ಲಿ ಬೆವರು ಸುರಿಸಿ ಬದುಕು ಕಟ್ಟಿಕೊಂಡ ಬ್ಯಾರಿ ಹುಡುಗರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ. ಅವರ ಕೈಯಲ್ಲಿದ್ದ ವಿದ್ಯೆಯ ಚರಿತ್ರೆಯನ್ನು ಯಾರಾದರೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಅದರ ಒಂದು ತುಂಡನ್ನು ಹುಡುಕುತ್ತಾ ಹೋದರೆ ದಾರಿ ಕೊಯಮತ್ತೂರಿಗೆ ಮುಟ್ಟುತ್ತದೆ.

1932ರಲ್ಲಿ ಪೈಕಾರಾ ಜಲವಿದ್ಯುತ್ ಬಂದ ಮೇಲೆ ಅಲ್ಲಿ ಹತ್ತಿ ಗಿರಣಿಗಳು ಹೆಚ್ಚಿದವು. ಗಿರಣಿಗೆ ಬಿಡಿಭಾಗ ಬೇಕು, ತೋಟಕ್ಕೆ ಪಂಪು ಬೇಕು. ಹೀಗೆ ಫೌಂಡ್ರಿ, ಲೇತ್ ಅಂಗಡಿಗಳು ಬೆಳೆದವು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ಅಲ್ಲೇ ದೇಶದ ಮೊದಲ ವಿದ್ಯುತ್ ಮೋಟಾರು ತಯಾರಿಸಿದರು. ಮುಂದೆ ಅದೇ ಊರಿನ ಎಸ್. ಕರಿವರ್ಧನ್ ರೇಸ್ ಕಾರುಗಳನ್ನು ಕಟ್ಟಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಚೆಟ್ಟಿಪಾಳಯಂನ ರೇಸ್ ಟ್ರ್ಯಾಕಿಗೆ ಈಗ ಅವರದೇ ಹೆಸರು. ಎರಕ, ಲೇತ್, ಓಟ ಮೂರೂ ಒಂದೇ ಊರಲ್ಲಿ ಸೇರಿದ್ದು ಹೀಗೆ.

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ದಕ್ಷಿಣದ ಮೆಕ್ಯಾನಿಕ್‌ಗಳಿಗೆ ಪಾಠಶಾಲೆಯೇ ಆಯಿತು. 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕ್, 98 ಸಿಸಿ. ಇಂಥ ಟೂ-ಸ್ಟ್ರೋಕಿನಲ್ಲಿ ಫೋರ್-ಸ್ಟ್ರೋಕಿನಂತೆ ಕ್ಯಾಮ್‌ನಿಂದ ತೆರೆಯುವ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯ ಕಿಂಡಿಗಳೇ ಬಹುಪಾಲನ್ನು ನಿರ್ಧರಿಸುತ್ತವೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟನ್ನು 1 ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಸುಮಾರು 4ರಿಂದ 5 ಡಿಗ್ರಿ ಹೆಚ್ಚುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಬಲ ಸಿಗುತ್ತದೆ, ಕೆಳಗೆ ಎಳೆತ ಕುಗ್ಗುತ್ತದೆ. ಪೋರ್ಟ್ ಅತಿ ಅಗಲವಾದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಅರ ಹಾಕಿ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಆದ್ದರಿಂದಲೇ ಅಳತೆ ಅಮೂಲ್ಯ. ಅದಕ್ಕಾಗಿಯೇ ಹಲವರು ಅದನ್ನು ಮುಚ್ಚಿಟ್ಟರು. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ 1961ರಲ್ಲಿ 125 ಸಿಸಿ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದಿದ್ದರು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ, ಆ ಗುಟ್ಟನ್ನು ಸುಜುಕಿಗೆ ಕೊಟ್ಟರು. ಮರುವರ್ಷವೇ ಸುಜುಕಿ 50 ಸಿಸಿ ವಿಶ್ವ ಪಟ್ಟ ಗೆದ್ದಿತು. 1973ರಲ್ಲಿ ಗಾರ್ಡನ್ ಜೆನ್ನಿಂಗ್ಸ್ ಇದೇ ಲೆಕ್ಕಗಳನ್ನು ಪುಸ್ತಕವಾಗಿಸಿ ಎಲ್ಲರ ಮುಂದಿಟ್ಟರು. ಕದ್ದು ಪಡೆದದ್ದು ಒಂದು ಕಂಪನಿಯನ್ನು ಗೆಲ್ಲಿಸಿತು; ಬರೆದು ಹಂಚಿದ್ದು ದೂರದೂರಿನ ಮೆಕ್ಯಾನಿಕ್‌ನನ್ನೂ ಮುಟ್ಟಬಲ್ಲದು.

1996ರಲ್ಲಿ ಆರ್‌ಎಕ್ಸ್ 100 ನಿಂತಿತು. ಅದೇ ವರ್ಷ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಮುಚ್ಚಿತು. 2000ದ ಹೊಗೆ ನಿಯಮಗಳ ನಂತರ ಟೂ-ಸ್ಟ್ರೋಕ್ ಬೈಕುಗಳು ಒಂದೊಂದಾಗಿ ಸರಿದವು. ಆ ಹೊಗೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಕಾಲು ಮಿಲಿಮೀಟರನ್ನು ಬೆರಳಿನಿಂದಲೇ ಗುರುತಿಸುವ ಹಿರಿಯ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ, ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಕೂತುಕೊಳ್ಳಿ. ಬ್ಯಾರಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ಬರೆದುಕೊಳ್ಳಿ.