ಲಿಯಾಮ್ ಬ್ರೇಡಿ: ಮೈದಾನದಿಂದ ಗುರುಪೀಠಕ್ಕೆ

ಗೋಲು ಹೊಡೆದವರ ಹೆಸರು ನಿಮಗೆ ಬಾಯಿಪಾಠ. ಮಧ್ಯದಲ್ಲಿ ನಿಂತು ಚೆಂಡು ಹಂಚಿದವರನ್ನು ಕೇಳುವವರು ಕಡಿಮೆ. 1956ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದ ಲಿಯಾಮ್ ಬ್ರೇಡಿ ಅಂಥ ಮಿಡ್‌ಫೀಲ್ಡರ್. 15ನೇ ವಯಸ್ಸಿಗೆ ಲಂಡನ್ನಿನ ಆರ್ಸೆನಲ್ ಸೇರಿದರು. 1980ರಲ್ಲಿ ಇಟಲಿಯ ಜುವೆಂಟಸ್‌ಗೆ ಹೋದರು.

1982ರ ಮೇ 16, ಲೀಗಿನ ಕೊನೆಯ ದಿನ. ಜುವೆಂಟಸ್, ಫಿಯೊರೆಂಟಿನಾ ಎರಡಕ್ಕೂ ಸಮನಾದ ಅಂಕಗಳು. ವಿದೇಶಿ ಆಟಗಾರರ ಸಂಖ್ಯೆಗೆ ಅಲ್ಲಿ ಮಿತಿಯಿತ್ತು. ಮುಂದಿನ ವರ್ಷಕ್ಕೆ ಪ್ಲಾಟಿನಿ, ಬೋನಿಯೆಕ್ ಬರುವುದು ನಿಶ್ಚಯವಾಗಿ, ಬ್ರೇಡಿಗೆ ಜಾಗವೇ ಉಳಿದಿರಲಿಲ್ಲ. ಅದು ಗೊತ್ತಿದ್ದೂ ಕತಾಂಜಾರೊ ವಿರುದ್ಧ ಪೆನಾಲ್ಟಿ ಒದೆಯಲು ಮುಂದೆ ಬಂದವರು ಅವರೇ. ಪಂದ್ಯದಲ್ಲಿ ಬಿದ್ದದ್ದು ಅದೊಂದೇ ಗೋಲು; ಪ್ರಶಸ್ತಿ ಜುವೆಂಟಸ್‌ಗೆ. ನೀವಾಗಿದ್ದರೆ ಚೆಂಡಿನ ಬಳಿ ಹೋಗುತ್ತಿದ್ದಿರಾ?

1990ರಲ್ಲಿ ಆಟ ಬಿಟ್ಟು ಸೆಲ್ಟಿಕ್, ಬ್ರೈಟನ್ ತಂಡಗಳಿಗೆ ಮ್ಯಾನೇಜರ್ ಆದರು. ಸೆಲ್ಟಿಕ್‌ನಲ್ಲಿ ಒಂದು ಕಪ್ಪೂ ಸಿಗಲಿಲ್ಲ. 1996ರಲ್ಲಿ ಆರ್ಸೆನಲ್ ಅವರಿಗೆ ಕಿರಿಯರ ವಿಭಾಗ ವಹಿಸಿತು. ಅವರ ನಿಜವಾದ ಕೆಲಸ ಅದೇ ಎನ್ನಬೇಕು. 2014ರವರೆಗೆ 18 ವರ್ಷ ಅಲ್ಲಿದ್ದರು. 2000, 2001, 2009ರಲ್ಲಿ ಆ ಹುಡುಗರು ಎಫ್.ಎ. ಯೂತ್ ಕಪ್ ಗೆದ್ದರು. ಒಂಬತ್ತರ ಬಾಲಕನಾಗಿ ಅಲ್ಲಿಗೆ ಬಂದ ಜ್ಯಾಕ್ ವಿಲ್ಶೇರ್ ಕೂಡ ಮಿಡ್‌ಫೀಲ್ಡರ್, ಇಂಗ್ಲೆಂಡಿಗೆ ಆಡಿದರು. 2022ರಲ್ಲಿ ನಿವೃತ್ತರಾಗಿ, ಅದೇ ಆರ್ಸೆನಲ್‌ನ 18 ವರ್ಷದೊಳಗಿನವರ ತಂಡಕ್ಕೆ ಕೋಚ್ ಆದರು.